ಕನ್ನಡ ಸಾಹಿತ್ಯದಲ್ಲಿ ತೋಟದ ಆಳು

ಸಾಹಿತ್ಯವು ಜನಜೀವನದ ಕನ್ನಡಿಯೆಂಬ ಮಾತನ್ನು ನಾವು ಉಪಾಧ್ಯಾಯರಾದವರು ತರಗತಿಗಳಲ್ಲಿ ಎಷ್ಟು ಸಲ ಆಡಿರುವೆವೋ ಲೆಕ್ಕವಿಲ್ಲ. ಆ ಕನ್ನಡಿಯನ್ನು ಹಿಡಿದವರು ಯಾರು, ಯಾವ ಕಡೆಗೆ ತಿರುಗಿಸಿ ಹಿಡಿದರು ಎಂದು ಕೇಳುವ ಸಂದರ್ಭ ಮಾತ್ರ ಅಪರೂಪ. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು, ಮುಂಗಡದ ಹಣ ಹಿಡಿದು, ಪರಸೀಮೆಯ ತೋಟಗಳಲ್ಲಿ ದುಡಿದ ಆಳುಗಳ ವಿಷಯದಲ್ಲಾದರೂ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಕನ್ನಡದ ಎರಡು ಹಿರಿಯ ಕಾದಂಬರಿಗಳಲ್ಲಿ ಇಂಥ ಆಳುಗಳು ಬರುತ್ತಾರೆ. ಅವರು ಹೇಗೆ ಬರುತ್ತಾರೆ, ಅವರ ಬಾಳಿನಲ್ಲಿ ಕೃತಿಕಾರರ ಕಣ್ಣಿಗೆ ಬಿದ್ದದ್ದೆಷ್ಟು, ಬೀಳದೆ ಉಳಿದದ್ದೆಷ್ಟು ಎಂಬುದನ್ನು, ನೆರೆಯ ತಮಿಳಿನ ಒಂದು ಕಥೆಯನ್ನೂ ದೂರದ ಮೆಕ್ಸಿಕೋ ಮೂಲದ ಜನರ ಒಂದು ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಶಂಕಗಿರಿಯಲ್ಲಿ ಕುಳಿತು ಈ ವಿಷಯವನ್ನೆತ್ತಿಕೊಂಡುದಕ್ಕೆ ಕಾರಣವುಂಟು. ಶಂಕಗಿರಿಯೆಂದೊಡನೆ ಜನರಿಗೆ ನೆನಪಾಗುವುದು ದುರ್ಗ; ದುರ್ಗವೆಂದೊಡನೆ ಟೀಪುವಿನ ಕಾಲ, ೧೮೦೫ರಲ್ಲಿ ಇಲ್ಲಿ ಗಲ್ಲಿಗೇರಿದ ಧೀರನ್ ಚಿನ್ನಮಲೈ. ಶಾಸನ, ಕೋಟೆ, ಪಾಳೆಯಗಾರರ ಸಂಗತಿಗಳನ್ನು ನಮ್ಮ ಸ್ಥಳೀಯ ವಿದ್ವಾಂಸರು ಸಾಕಷ್ಟು ಶೋಧಿಸಿದ್ದಾರೆ, ಶೋಧಿಸುತ್ತಲೂ ಇದ್ದಾರೆ. ಆದರೆ ದುರ್ಗದ ಸೀಮೆಯನ್ನು ಹಾದುಹೋಗುವ ರೈಲುದಾರಿಯೂ ಒಂದು ಚಾರಿತ್ರಿಕ ವಸ್ತುವೇ. ಮದರಾಸಿನಿಂದ ಬೇಪೂರಿಗೆ ಹೋಗುವ ಈ ದಾರಿ ೧೮೬೨ರಲ್ಲಿ ಪೂರ್ಣವಾಯಿತು. ಅದಾಗಿ ಹದಿನಾಲ್ಕು ವರುಷಕ್ಕೆ, ೧೮೭೬ರಲ್ಲಿ, ಮಹಾಕ್ಷಾಮ ಮೊದಲಾಯಿತು. ೧೮೭೧ರ ಜನಗಣತಿಗೂ ೧೮೮೧ರದಕ್ಕೂ ನಡುವೆ ಸೇಲಂ ಜಿಲ್ಲೆಯ ಜನಸಂಖ್ಯೆ ಮೂರೂವರೆ ಲಕ್ಷಕ್ಕಿಂತ ಹೆಚ್ಚು ಕುಗ್ಗಿತು. ಸತ್ತವರು ಬಹಳ. ಉಳಿದವರಲ್ಲಿ ಕಾಲಿನಲ್ಲಿ ಬಲವಿದ್ದವರು ಹೊರಟುಹೋದರು. ಈರೋಡಿನಲ್ಲಿ ಬಂಡಿ ಬದಲಿಸಿ ತಿರುಚಿನಾಪಳ್ಳಿಗೆ, ಅಲ್ಲಿಂದ ಸಮುದ್ರದಂಚಿಗೆ, ಆಚೆಗೆ ಸಿಲೋನಿನ ಚಹಾ ತೋಟಗಳಿಗೆ. ಇಲ್ಲವೆ ನಾಗಪಟ್ಟಣದ ಹಡಗು ಹತ್ತಿ ಮಲಯಾಕ್ಕೆ. ಸಿಲೋನಿಗೆ ಆಳು ಕಳಿಸಿದ ಜಿಲ್ಲೆಗಳಲ್ಲಿ ತಿರುಚಿನಾಪಳ್ಳಿಯ ಜೊತೆಗೆ ಸೇಲಮಿನ ಹೆಸರು ಮುಂದಿನ ಸಾಲಿನಲ್ಲಿದೆ. ಜಿಲ್ಲೆಯ ಬಡಗಣ ಭಾಗದವರಿಗೆ ಕೋಲಾರದ ಚಿನ್ನದ ಗಣಿಯೂ ಮೈಸೂರು ಕೊಡಗುಗಳ ಕಾಫಿ ತೋಟಗಳೂ ಹತ್ತಿರವಾದವು.

ಇಲ್ಲೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾಗದು. ಸೇಲಂ ಕಲೆಕ್ಟರನಾಗಿದ್ದ ಕಾಕ್‌ಬರ್ನ್ ಎಂಬಾತ ೧೮೨೦ರ ದಶಕದಲ್ಲಿಯೇ ಏರ್ಕಾಡಿನ ಬೆಟ್ಟದಲ್ಲಿ ಕಾಫಿ ಗಿಡ ನೆಡಿಸಿದ್ದ. ತಮ್ಮ ಊರಿನ ಬೆಟ್ಟದ ಮೇಲೆಯೇ ಕಾಫಿ ಬೆಳೆಯುತ್ತಿರುವಾಗ ಜನ ಅದರ ಬುಡದಿಂದ ರೈಲು ಹತ್ತಿ ಬೇರೆಯವರ ಬೆಟ್ಟಗಳಿಗೆ ಹೋದರು.

ಹೋದವರಲ್ಲಿ ಕನ್ನಡ ಮನೆಮಾತಿನವರೆಷ್ಟು ಎಂದು ವಾಚಕರು ಕೇಳಬಹುದು. ಸೇಲಂ ಸೀಮೆಯ ದೇವಾಂಗದ ಕೇರಿಗಳಲ್ಲಿಯೂ ಹೊಸೂರು ಡೆಂಕಣಿಕೋಟೆಗಳ ಹಳ್ಳಿಗಳಲ್ಲಿಯೂ ಕನ್ನಡ ಮನೆಮಾತಾಗಿರುವುದು ನಮಗೆಲ್ಲ ತಿಳಿದ ಸಂಗತಿ. ತೋಟದ ಲೆಕ್ಕಕ್ಕೆ ಮಾತ್ರ ಅದು ಬೇಕಾಗಿರಲಿಲ್ಲ. ಸಿಲೋನಿನ ಸರ್ಕಾರ ೧೯೧೧ರ ಜನಗಣತಿಯಲ್ಲಿ ‘ಇಂಡಿಯನ್ ತಮಿಳರು’ ಎಂಬ ಹೊಸ ವರ್ಗವನ್ನು ಮಾಡಿತು. ಕನ್ನಡ, ತೆಲುಗು ಮನೆಮಾತಿನ ಆಳು ತೋಟದಲ್ಲಿದ್ದರೆ ಆ ಹೆಸರಿನ ಚೀಲದೊಳಗೆ ಸೇರಿಹೋಗುತ್ತಿದ್ದ. ಹೀಗಾಗಿ ಭಾಷೆಯ ಗೆರೆ ಎಳೆದು ಇಷ್ಟು ಜನ ನಮ್ಮವರು, ಇಷ್ಟು ಜನ ಅವರವರು ಎಂದು ವಿಂಗಡಿಸುವುದು ಈ ವಿಷಯದಲ್ಲಿ ನಿರರ್ಥಕ. ಒಂದೇ ರೈಲಿನಲ್ಲಿ ಹೋದವರು ಒಂದೇ ಕಥೆಯವರು.

ಕಥೆಯೆಂದೆವು, ಅದರ ವಸ್ತುವಿಗೆ ಮೂಲವಾದ ವ್ಯವಹಾರವನ್ನು ಮೊದಲು ತಿಳಿಯಬೇಕು. ಊರಿಗೆ ಬರುತ್ತಿದ್ದವನು ಕಂಗಾಣಿ. ಅವನೂ ಅದೇ ಸೀಮೆಯವನು, ಎಷ್ಟೋ ವೇಳೆ ಅದೇ ಜಾತಿಯವನು, ಮಾವನೆಂದೋ ಅಣ್ಣನೆಂದೋ ಕರೆಸಿಕೊಳ್ಳುವವನು. ಊರಿನ ಸಾಲ ತೀರಿಸಲು, ದಾರಿಯ ಖರ್ಚಿಗೆ, ಬಟ್ಟೆಗೆ ಎಂದು ಮುಂಗಡ ಕೊಡುತ್ತಿದ್ದ. ಅದೆಲ್ಲ ಆಳಿನ ಹೆಸರಿಗೆ ಸಾಲವಾಗಿ ಬೀಳುತ್ತಿತ್ತು. ತೋಟದಲ್ಲಿ ಆಳು ಕೆಲಸಕ್ಕಿಳಿದ ಪ್ರತಿ ದಿನಕ್ಕೂ ಕಂಗಾಣಿಗೆ ತಲೆಗಿಷ್ಟೆಂದು ಕಾಸು ಸಲ್ಲುತ್ತಿತ್ತು. ಒಂದು ತೋಟದಿಂದ ಇನ್ನೊಂದಕ್ಕೆ ಆಳುಗಳನ್ನು ಒಯ್ಯಬೇಕಾದರೆ, ಇವರ ಸಾಲ ಇಷ್ಟು, ಅದನ್ನು ಕೊಟ್ಟವರಿಗೆ ಇವರನ್ನು ಬಿಟ್ಟುಕೊಡಲಾಗುವುದು ಎಂದು ಬರೆದ ಒಂದು ಚೀಟಿ ಬೇಕು. ಆ ಚೀಟಿಯ ಹೆಸರು ‘ತುಂಡು’. ೧೯೨೧ರಲ್ಲಿ ಕಾನೂನಿನಿಂದ ಅದು ರದ್ದಾಗುವವರೆಗೆ ಸಾವಿರಾರು ಸಂಸಾರಗಳ ಬಾಳು ಈ ತುಂಡು ಕಾಗದದಲ್ಲಿ ಕೈಯಿಂದ ಕೈಗೆ ಹೋಯಿತು. ೧೯೦೧ರಿಂದ ಈಚೆಗೆ ತೋಟದ ಗುರುತಿನ ಅಂಕಿಗಳನ್ನು ಕೊರೆದ ತಗಡಿನ ಬಿಲ್ಲೆಯನ್ನು ಆಳು ದಾರಿಯುದ್ದಕ್ಕೂ ತನ್ನ ಬಳಿ ಇಟ್ಟುಕೊಳ್ಳಬೇಕಾಗಿತ್ತು. ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಿದರೆ ಬಾಯಿ ತೆರೆಯಬೇಕಾದ್ದಿಲ್ಲ, ಬಿಲ್ಲೆ ತೋರಿಸಿದರಾಯಿತು. ಇತ್ತ ಬ್ರಿಟಿಷ್ ಇಂಡಿಯಾದಲ್ಲಿ ೧೮೫೯ರ ಒಂದು ಕಾನೂನಿನ ಪ್ರಕಾರ ಮುಂಗಡ ಹಿಡಿದು ಕೆಲಸ ಬಿಟ್ಟವನಿಗೆ ಸೆರೆಮನೆಯ ಶಿಕ್ಷೆಯಿತ್ತು. ಸಾಲಗಾರ ಅಪರಾಧಿಯೂ ಆಗುತ್ತಿದ್ದ. ಆ ಕಾನೂನು ೧೯೨೦ರ ದಶಕದ ನಡುವಿನವರೆಗೆ ಬಾಳಿತು.

ಈ ವ್ಯವಹಾರದ ಮೇಲ್ತುದಿಯಲ್ಲಿದ್ದವರು ಪುಸ್ತಕ ಬರೆದರು. ಮೈಸೂರಿನ ಕಾಫಿ ತೋಟದ ದೊರೆ ರಾಬರ್ಟ್ ಎಲಿಯಟ್ ೧೮೭೧ರಲ್ಲಿ ಒಂದು, ೧೮೯೪ರಲ್ಲಿ ಇನ್ನೊಂದು ಅನುಭವಕಥನ ಪ್ರಕಟಿಸಿದ. ಎರಡನೆಯದರ ಹೆಸರಿನಲ್ಲಿಯೇ ಚಿನ್ನ, ಬೇಟೆ, ಕಾಫಿ ಮೂರೂ ಸೇರಿವೆ. ಆಳು ಬರೆಯಲಿಲ್ಲ, ಅವನಿಗೆ ಅಕ್ಷರವಿರಲಿಲ್ಲ. ಅವನ ಪರವಾಗಿ ಬರೆಯಬೇಕಾದವನು ಕಾದಂಬರಿಕಾರ. ಆದ್ದರಿಂದ ಕಾದಂಬರಿಯ ಮೇಲೆ ಬಿದ್ದ ಹೊಣೆ ಇಲ್ಲಿ ಸಾಮಾನ್ಯವಾದುದಲ್ಲ.

ಶ್ರೀ ಶಿವರಾಮ ಕಾರಂತರ ‘ಚೋಮನ ದುಡಿ’ ೧೯೩೩ರಲ್ಲಿ ಬಂತು. ಕಥೆಯನ್ನು ಉಪಾಧ್ಯಾಯ ಬಂಧುಗಳಿಗೆ ಮತ್ತೆ ಹೇಳಬೇಕಾಗಿಲ್ಲ. ಭೂಮಿಯನ್ನು ಉಳುವ ಆಸೆ ಚೋಮನದು. ಹುಟ್ಟು ಅವನಿಗೆ ಆ ಅಧಿಕಾರವನ್ನು ಕೊಟ್ಟಿಲ್ಲ. ವಿಮರ್ಶಕರು ಸಾಮಾನ್ಯವಾಗಿ ಈ ಆಸೆಯ ಸುತ್ತಲೇ ಕೃತಿಯನ್ನು ಕಟ್ಟಿ ನೋಡುತ್ತಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕಾದಂಬರಿಯ ಯಂತ್ರವನ್ನು ತಿರುಗಿಸುವ ಕೀಲು ಬೇರೆ: ಘಟ್ಟದ ಮೇಲಣ ಕಾಫಿ ತೋಟದ ಧಣಿ ಮಿಂಗೇಲನಿಗೆ ಚೋಮ ಕೊಡಬೇಕಾದ ಸಾಲ. ತೋಟದ ಕಡೆಯಿಂದ ಮನ್ವೇಲ ಸಾಲ ಕೇಳಲು ಬರುತ್ತಾನೆ. ಚನಿಯ ಗುರುವರಿಬ್ಬರೂ ಘಟ್ಟ ಹತ್ತುತ್ತಾರೆ. ದುಡಿದದ್ದು ಅಲ್ಲಿಯೇ ಕರಗಿ ಸಾಲ ಉಳಿಯುತ್ತದೆ. ಗುರುವ ಕ್ರೈಸ್ತ ಹುಡುಗಿಯೊಬ್ಬಳನ್ನು ಕೂಡಿಕೊಂಡು ದೂರವಾಗುತ್ತಾನೆ. ಚನಿಯ ಜ್ವರ ಹೊತ್ತು ಮನೆಗೆ ಬಂದು ಸಾಯುತ್ತಾನೆ. ಕೊನೆಗೆ ಹೋಗುವವಳು ಬೆಳ್ಳಿ. ಗಂಡುಮಕ್ಕಳ ಬೆವರಿನಿಂದ ತೀರದ ಸಾಲ ಅವಳ ಮೈಯಿಂದ ತೀರುತ್ತದೆ. ಚೋಮನ ಮನೆಯಿಂದ ಹೊರಗೆ ಹೋದ ದಾರಿ ಒಂದೇ, ಅದು ತೋಟದ ದಾರಿ. ಹೋದವರು ಯಾರೂ ಹೋದಂತೆ ಹಿಂದಿರುಗಲಿಲ್ಲ. ೧೮೫೯ರ ಕಾನೂನು ರದ್ದಾದ ಮೇಲೆ ಬಂದ ಕಾದಂಬರಿಯಿದು. ಸೆರೆಮನೆಯ ಹೆದರಿಕೆ ಹೋದರೂ ಸಾಲ ತನ್ನ ಕೆಲಸವನ್ನು ತಾನು ಮಾಡಿಕೊಳ್ಳುತ್ತದೆ ಎಂಬುದನ್ನು ಕಾರಂತರು ಯಾವ ವ್ಯಾಖ್ಯಾನವೂ ಇಲ್ಲದೆ ಕಾಣಿಸಿದ್ದಾರೆ. ಇಷ್ಟರ ಮಟ್ಟಿಗೆ ಅವರ ದೃಷ್ಟಿ ನಿಶಿತವಾದುದು. ಆ ಕಾಲದಲ್ಲಿ ಕನ್ನಡದಲ್ಲಿ ಇಷ್ಟನ್ನು ಕಂಡವರು ಇನ್ನೊಬ್ಬರಿಲ್ಲ ಎಂದರೆ ಅತಿಶಯೋಕ್ತಿಯಾಗಲಾರದು.

ಆದರೂ ಒಂದು ಮಾತನ್ನು ಹೇಳಬೇಕಾಗಿದೆ. ಗುಡಿಸಲೊಳಗಿನ ಚೋಮನನ್ನು ಕಾರಂತರು ಕಂಡ ರೀತಿಯೇ ಬೇರೆ, ತೋಟದೊಳಗಿನ ಅವನ ಮಕ್ಕಳನ್ನು ಕಂಡ ರೀತಿಯೇ ಬೇರೆ. ಗುಡಿಸಲಿನಲ್ಲಿ ದುಡಿಯ ಸದ್ದು ಕೇಳುತ್ತದೆ, ಹೆಂಡದ ನಾತ ಬರುತ್ತದೆ, ಸಾಕಿದ ಎತ್ತುಗಳ ಮೇಲೆ ಚೋಮನ ಕೈಯಾಡುವುದು ಕಾಣುತ್ತದೆ. ತೋಟಕ್ಕೆ ಹೋದೊಡನೆ ಕಥೆಯ ನಡೆ ಚುರುಕಾಗುತ್ತದೆ. ಕಣ್ಣು ಅಷ್ಟು ಹೊತ್ತು ನಿಲ್ಲುವುದಿಲ್ಲ. ಓದಿ ಪುಸ್ತಕ ಮುಚ್ಚಿದ ಮೇಲೆ ತೋಟದ ಭಾಗದಿಂದ ನಮ್ಮ ನೆನಪಿನಲ್ಲಿ ಉಳಿಯುವುದು ಕುಡಿತ, ಮೋಹ, ಮತಾಂತರ, ಜ್ವರ, ಶೀಲಭಂಗ. ಕಾಫಿ ಹಣ್ಣು ಕೊಯ್ಯುವ ಕೈ, ಕೊಯ್ದದ್ದನ್ನು ಅಳೆಯುವ ಡಬ್ಬ, ಅಳತೆಯನ್ನು ಬರೆದುಕೊಳ್ಳುವ ರೈಟರ ಪುಸ್ತಕ, ಆ ಪುಸ್ತಕದಲ್ಲಿ ಅಕ್ಕಿಗೆಷ್ಟು ಕಂಬಳಿಗೆಷ್ಟು ಹಿಡಿದರು ಎಂಬ ಲೆಕ್ಕ, ಇವುಗಳಿಗೆ ಆ ಸ್ಥಾನ ದೊರೆತಿಲ್ಲ. ಇದರಿಂದ ಆಗುವ ಪರಿಣಾಮ ಸಣ್ಣದೇನಲ್ಲ. ಸಾಲ ಏಕೆ ತೀರಲಿಲ್ಲ ಎಂದು ವಿದ್ಯಾರ್ಥಿಯನ್ನು ಕೇಳಿದರೆ ಹುಡುಗರು ಕುಡಿದು ಹಾಳುಮಾಡಿದರು ಎಂದು ಉತ್ತರ ಬರುತ್ತದೆ. ಆ ಉತ್ತರಕ್ಕೆ ಕಾದಂಬರಿಯಲ್ಲಿ ಆಧಾರವುಂಟು. ಆದರೆ ತೋಟಗಳ ಚರಿತ್ರೆ ಬಲ್ಲವರಿಗೆ ಗೊತ್ತು, ಕುಡಿಯದವನ ಸಾಲವೂ ತೀರುತ್ತಿರಲಿಲ್ಲ. ತೀರಿದರೆ ಮರುವರ್ಷಕ್ಕೆ ಆಳೆಲ್ಲಿ? ತೀರದಿರುವುದೇ ಆ ಸಾಲದ ಉಪಯೋಗ. ಲೆಕ್ಕದಿಂದಾದ ಕೇಡು ಕಾದಂಬರಿಯಲ್ಲಿ ಅರ್ಧದಷ್ಟು ನಡತೆಯಿಂದಾದ ಕೇಡಾಗಿ ಕಾಣುವುದು ಈ ಮಹತ್ಕೃತಿಯ ಒಂದು ಊನವೆಂದು ನಮ್ಮ ಅಭಿಪ್ರಾಯ.

ಕಾರಂತರು ಪುತ್ತೂರಿನ ಸೀಮೆಯಲ್ಲಿ ನಿಂತು ಘಟ್ಟದ ಕಡೆಗೆ ನೋಡಿದರು. ಹೋದ ಮಗನ ವಿಷಯ ಹೆತ್ತವರಿಗೆ ಎಷ್ಟು ತಿಳಿಯುತ್ತದೆಯೋ ಅಷ್ಟೇ ಓದುಗನಿಗೂ ಹೆಚ್ಚಾಗಿ ತಿಳಿಯುತ್ತದೆ. ಇದು ಚೋಮನ ಕಥೆಯೇ ಹೊರತು ಮಕ್ಕಳ ಕಥೆಯಲ್ಲ, ಆದ್ದರಿಂದ ಇದು ಔಚಿತ್ಯವೇ ಎಂದು ವಾದಿಸುವವರಿರಬಹುದು. ವಾದ ಸರಿ. ಆದರೆ ಕನ್ನಡದಲ್ಲಿ ಮಕ್ಕಳ ಕಡೆಯಿಂದ ಬರೆದ ಇನ್ನೊಂದು ಕೃತಿ ಇಷ್ಟೇ ಹೆಸರು ಪಡೆದು ನಮ್ಮ ಪಾಠಪಟ್ಟಿಗೆ ಬರಲಿಲ್ಲವಾಗಿ, ಇದೊಂದೇ ನಮ್ಮ ತಿಳಿವಳಿಕೆಯ ಎಲ್ಲೆಯಾಗಿ ನಿಂತಿದೆ.

ಶ್ರೀ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (೧೯೩೬) ಘಟ್ಟದ ಮೇಲೆಯೇ ನಿಂತು ಬರೆದದ್ದು. ಇಲ್ಲಿ ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುವ ಸೇರೆಗಾರ ರಂಗಪ್ಪಸೆಟ್ಟಿ ಬರುತ್ತಾನೆ. ಸಿಲೋನಿನ ಕಂಗಾಣಿಗೆ ಮಲೆನಾಡಿನ ಅಣ್ಣನೋ ತಮ್ಮನೋ ಆದವನು ಈ ಸೇರೆಗಾರ. ಅವನ ಮಾತು, ಅವನ ಉಪಾಯ, ಅವನು ಕರೆತಂದ ಗಂಗೆ, ಎಲ್ಲವೂ ಜೀವಂತವಾಗಿವೆ. ಆದರೆ ಅವನ ಆಳುಗಳು? ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರು ಗುಂಪಾಗಿ ಬರುತ್ತಾರೆ, ಗುಂಪಾಗಿ ಬೈಸಿಕೊಳ್ಳುತ್ತಾರೆ, ಗುಂಪಾಗಿ ಗದ್ದೆಗಿಳಿಯುತ್ತಾರೆ. ಕಾಡಿನ ಒಂದೊಂದು ಮರಕ್ಕೂ ಹಕ್ಕಿಗೂ ಬೇರೆ ಬೇರೆ ಮುಖ ಕೊಟ್ಟ ಕವಿ ಅವರಿಗೆ ಅದನ್ನು ಕೊಡಲಿಲ್ಲ. ಹೆಗ್ಗಡೆಯ ಜಗಲಿಯಿಂದ ನೋಡಿದರೆ ಹಾಗೆಯೇ ಕಾಣುತ್ತದೆ. ಸೇರೆಗಾರನ ತನಕ ದೃಷ್ಟಿ ಹೋಗುತ್ತದೆ, ಅವನ ಹಿಂದೆ ನಿಂತವರವರೆಗೆ ಹೋಗುವುದಿಲ್ಲ.

ತಮಿಳಿನ ಕಡೆಗೆ ತಿರುಗೋಣ. ಪುದುಮೈಪಿತ್ತನ್ ಅವರ ‘ತುನ್ಬಕ್ಕೇಣಿ’ ಎಂಬ ನೀಳ್ಗತೆ ೧೯೩೦ರ ದಶಕದ್ದು, ಅಂದರೆ ಹೆಚ್ಚುಕಡಮೆ ‘ಚೋಮನ ದುಡಿ’ಯ ಓರಗೆಯದು. ಮರುದಿಯೆಂಬ ಹೆಣ್ಣು ತೆಂಕಣ ತಮಿಳುನಾಡಿನ ಹಳ್ಳಿಯಿಂದ ಸಿಲೋನಿನ ಚಹಾ ತೋಟಕ್ಕೆ ಹೋಗಿ ತೋಟದ ದೊರೆಯ ಕೈಗೆ ಸಿಕ್ಕಿ ರೋಗಕ್ಕೆ ತುತ್ತಾಗುತ್ತಾಳೆ. ಅದಕ್ಕಿಂತ ಮೊದಲೇ ಕವಿ ಭಾರತಿಯವರು ಫಿಜಿಯ ಕಬ್ಬಿನ ತೋಟದ ಹೆಣ್ಣುಮಕ್ಕಳನ್ನು ಕುರಿತು ಹಾಡು ಕಟ್ಟಿದ್ದರು. ಬೆಳ್ಳಿ, ಮರುದಿ, ಫಿಜಿಯ ಹೆಣ್ಣುಗಳು: ಮೂರು ಕಡೆಗಳಲ್ಲಿಯೂ ತೋಟದ ದುಃಖವನ್ನು ಹೇಳಲು ಹೆಣ್ಣಿನ ಮಾನವನ್ನೇ ಸಾಹಿತ್ಯ ಆರಿಸಿಕೊಂಡಿತು. ಸಂಗತಿ ಸುಳ್ಳಲ್ಲ. ತೋಟಗಳಲ್ಲಿ ಹೆಣ್ಣಿಗೆ ರಕ್ಷಣೆಯಿರಲಿಲ್ಲವೆಂಬುದಕ್ಕೆ ದಾಖಲೆಗಳು ಬೇಕಾದಷ್ಟಿವೆ. ಫಿಜಿಯ ಕರಾರು ಕೂಲಿಯ ಪದ್ಧತಿ ನಿಲ್ಲಲು ಆ ಕೂಗು ಒಂದು ಮುಖ್ಯ ಕಾರಣವೂ ಆಯಿತು. ಆದರೆ ಅದೇ ಹೆಣ್ಣು ದಿನಕ್ಕೆ ಎಷ್ಟು ಎಲೆ ಕಿತ್ತಳು, ಬೆನ್ನ ಮೇಲಣ ಬುಟ್ಟಿ ಎಷ್ಟು ಭಾರ, ಮಳೆಯಲ್ಲಿ ಕಾಲಿಗೆ ಹತ್ತಿದ ಜಿಗಣೆಯನ್ನು ಕೀಳಲು ಬಿಡುವಿತ್ತೇ, ಹಸುಗೂಸನ್ನು ಯಾರ ಬಳಿ ಬಿಟ್ಟಳು ಎಂಬುದನ್ನು ಕೇಳುವವರಿಲ್ಲವಾಯಿತು. ಮಾನ ಹೋದಾಗ ಮಾತ್ರ ಅವಳು ಕಥೆಗೆ ಯೋಗ್ಯಳಾದಳು. ದುಡಿಯುವವಳಾಗಿ ಅವಳನ್ನು ಯಾರೂ ವರ್ಣಿಸಲಿಲ್ಲ.

ಇಲ್ಲಿ ನಾವು ಮೆಕ್ಸಿಕೋ ಮೂಲದ ಜನರ ಪುಸ್ತಕವನ್ನು ತೆಗೆದುಕೊಳ್ಳಬೇಕು. ಅದರ ಹಿನ್ನೆಲೆ ಹೀಗಿದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹೊಲಗಳಲ್ಲಿ ಆಳು ಸಾಲದಾಗಲು ೧೯೪೨ರಲ್ಲಿ ಎರಡು ಸರ್ಕಾರಗಳೂ ಒಪ್ಪಂದ ಮಾಡಿಕೊಂಡವು. ಯುದ್ಧ ಮುಗಿದರೂ ಒಪ್ಪಂದ ಮುಗಿಯಲಿಲ್ಲ. ೧೯೬೪ರ ಡಿಸೆಂಬರಿನವರೆಗೆ ನಡೆಯಿತು. ಈ ಅವಧಿಯಲ್ಲಿ ಬರೆದ ಕರಾರುಗಳ ಸಂಖ್ಯೆ ಸುಮಾರು ೪೬ ಲಕ್ಷ. ಹೋದವರನ್ನು ‘ಬ್ರಸೇರೋ’ ಎಂದು ಕರೆದರು. ಸ್ಪ್ಯಾನಿಷಿನಲ್ಲಿ ‘ಬ್ರಾಸೋ’ ಎಂದರೆ ತೋಳು; ಬ್ರಸೇರೋ ಎಂದರೆ ತೋಳಿನಿಂದ ದುಡಿಯುವವನು. ಧಣಿಗೆ ಬೇಕಾದದ್ದು ತೋಳು, ಅದರ ಹಿಂದೆ ಮನುಷ್ಯನೊಬ್ಬ ಅಂಟಿಕೊಂಡು ಬರುತ್ತಾನೆ, ಅಷ್ಟೆ. ನಮ್ಮ ‘ಆಳು’ ಎಂಬ ಮಾತಿನ ಕಥೆ ಇದಕ್ಕೆ ತಿರುಗಾಮುರುಗಾ. ಹಳಗನ್ನಡದಲ್ಲಿ ಆಳ್ ಎಂದರೆ ವೀರನೂ ಹೌದು, ಭಟನೂ ಹೌದು, ಸೇವಕನೂ ಹೌದು. ಇಂದಿಗೂ ‘ಆಳುದ್ದ’ ಎಂದಾಗ ಅಲ್ಲಿ ಪೂರ್ಣ ಮನುಷ್ಯನಿದ್ದಾನೆ. ಆ ಮಾತು ಇಳಿಯುತ್ತ ಇಳಿಯುತ್ತ ನೂರು ಆಳು ಬೇಕು, ಐವತ್ತು ಆಳು ಸಾಕು ಎನ್ನುವಲ್ಲಿಗೆ ಬಂತು. ಒಂದು ಭಾಷೆಯಲ್ಲಿ ಅಂಗವೇ ಮನುಷ್ಯನ ಹೆಸರಾಯಿತು, ಇನ್ನೊಂದರಲ್ಲಿ ಮನುಷ್ಯನ ಹೆಸರೇ ಲೆಕ್ಕದ ಅಂಕಿಯಾಯಿತು.

ಗಡಿಯ ಠಾಣೆಗಳಲ್ಲಿ ಬ್ರಸೇರೋಗಳನ್ನು ಬಟ್ಟೆ ಕಳಚಿಸಿ ನಿಲ್ಲಿಸಿ ಡಿಡಿಟಿ ಪುಡಿ ಎರಚುತ್ತಿದ್ದರು. ೧೯೫೬ರಲ್ಲಿ ತೆಗೆದ ಛಾಯಾಚಿತ್ರಗಳು ಉಳಿದಿವೆ. ಮೊದಲ ವರ್ಷಗಳಲ್ಲಿ ಅವರ ಸಂಬಳದಲ್ಲಿ ನೂರಕ್ಕೆ ಹತ್ತನ್ನು ಉಳಿತಾಯವೆಂದು ಹಿಡಿದು ಮೆಕ್ಸಿಕೋದ ಬ್ಯಾಂಕುಗಳಿಗೆ ಕಳುಹಿಸಲಾಯಿತು. ಬಹುಮಂದಿಯ ಕೈಗೆ ಅದು ಸೇರಲೇ ಇಲ್ಲ. ೨೦೦೦ದ ನಂತರವೂ ಮುದುಕರಾದ ಬ್ರಸೇರೋಗಳು ಅದಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟುತ್ತಿದ್ದರು. ಸಿಲೋನಿನ ತುಂಡಿನಲ್ಲಿ ಆಳು ಸಾಲಗಾರ, ಇಲ್ಲಿ ಆಳೇ ಸಾಲ ಕೊಟ್ಟವನು. ಎರಡು ಕಡೆಯೂ ಲೆಕ್ಕದ ಪುಸ್ತಕ ಮಾತ್ರ ಅವನ ಕೈಯಲ್ಲಿಲ್ಲ.

ಇಂಥ ಜನರ ನಡುವೆ, ಟೆಕ್ಸಾಸಿನ ಕ್ರಿಸ್ಟಲ್ ಸಿಟಿಯಲ್ಲಿ, ೧೯೩೫ರಲ್ಲಿ ಹುಟ್ಟಿದವನು ತೋಮಾಸ್ ರಿವೇರಾ. ಒಪ್ಪಂದದ ಮೇಲೆ ಬಂದವರ ಮಗನಲ್ಲ. ಮೆಕ್ಸಿಕೋದಿಂದ ಬಂದು ನೆಲೆಸಿ, ಪ್ರತಿವರ್ಷ ಬೆಳೆಯ ಹಿಂದೆ ಬಡಗಣ ರಾಜ್ಯಗಳಿಗೆ ಅಲೆಯುತ್ತಿದ್ದ ಸಂಸಾರದ ಹುಡುಗ. ಶಾಲೆ ಕಾಲೇಜುಗಳಲ್ಲಿ ಓದುತ್ತಿರುವಾಗಲೇ ಮನೆಯವರೊಡನೆ ಹೊಲಗಳಲ್ಲಿ ದುಡಿದ. ಆಮೇಲೆ ಉಪಾಧ್ಯಾಯನಾದ, ಕಡೆಗೆ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾನಿಲಯದ ಮುಖ್ಯಸ್ಥನಾದ. ನಮ್ಮ ವೃತ್ತಿಬಾಂಧವನೆಂಬ ಅಭಿಮಾನ ನಮಗಿದ್ದರೆ ಅದನ್ನು ಯಾರೂ ತಪ್ಪೆನ್ನಲಾರರು. ೧೯೭೧ರಲ್ಲಿ ಸ್ಪ್ಯಾನಿಷಿನಲ್ಲಿ ಅವನ ಸಣ್ಣ ಪುಸ್ತಕವೊಂದು ಪ್ರಕಟವಾಯಿತು. ಭೂಮಿ ಅವನನ್ನು ನುಂಗಲಿಲ್ಲ ಎಂಬುದು ಹೆಸರಿನ ಅರ್ಥ. ಹೆಸರಿಲ್ಲದ ಒಬ್ಬ ಹುಡುಗನ ನೆನಪಿನಲ್ಲಿ ಸುಳಿಯುವ ಬಿಡಿ ಬಿಡಿ ಪ್ರಸಂಗಗಳ ಕಟ್ಟು ಅದು.

ಎರಡು ಪ್ರಸಂಗಗಳನ್ನು ಮಾತ್ರ ನೋಡೋಣ. ಒಂದರಲ್ಲಿ, ಬಿರುಬಿಸಿಲಿನಲ್ಲಿ ದುಡಿಯುತ್ತಿರುವ ಮಕ್ಕಳಿಗೆ ಬಾಯಾರಿಕೆ. ಕೂಲಿ ಗಂಟೆಯ ಲೆಕ್ಕದ್ದು. ನೀರು ಕುಡಿಯಲು ಹೋದಷ್ಟು ಹೊತ್ತು ತನಗೆ ನಷ್ಟವೆಂದು ಧಣಿಗೆ ಸಂಕಟ. ದನಗಳ ತೊಟ್ಟಿಗೆ ಬಾಯಿಟ್ಟ ಹುಡುಗನನ್ನು ಹೆದರಿಸಲೆಂದು ಅವನು ಹಾರಿಸಿದ ಗುಂಡು ಹುಡುಗನ ತಲೆಗೆ ತಗಲುತ್ತದೆ. ಪ್ರಸಂಗ ಪುಟವೆರಡು ಪುಟದಲ್ಲಿ ಮುಗಿಯುತ್ತದೆ. ಇಲ್ಲಿ ಸಾವಿಗೆ ಕಾರಣ ಧಣಿಯ ದುಷ್ಟತನವೆಂದು ಹೇಳಿ ಓದುಗ ಹಗುರಾಗುವಂತಿಲ್ಲ. ಗಂಟೆಯ ಲೆಕ್ಕ, ನೀರಿನ ದೂರ, ಬಿಸಿಲು, ಇವುಗಳ ಕೂಡಾಟದಿಂದ ಗುಂಡು ಹಾರಿದೆ. ಲೆಕ್ಕವನ್ನು ಬಲ್ಲವನು ಮಾತ್ರ ಹೀಗೆ ಬರೆಯಬಲ್ಲ.

ಇನ್ನೊಂದರಲ್ಲಿ, ರಾತ್ರಿಯೆಲ್ಲ ಲಾರಿಯಲ್ಲಿ ನಿಂತುಕೊಂಡೇ ಪ್ರಯಾಣ ಮಾಡಿದ ಜನ. ಬೆಳಗಿನ ಜಾವದ ಹೊತ್ತಿಗೆ ಲಾರಿ ಕೆಟ್ಟು ನಿಂತಿದೆ. ಕತ್ತಲಲ್ಲಿ ಒಬ್ಬೊಬ್ಬರೂ ಮನಸ್ಸಿನೊಳಗೆ ತಮ್ಮಷ್ಟಕ್ಕೆ ಆಡಿಕೊಳ್ಳುವ ಮಾತುಗಳೇ ಇಡೀ ಪ್ರಸಂಗ. ಒಬ್ಬ ಇನ್ನೊಮ್ಮೆ ದನದಂತೆ ಬರಲಾರೆನೆಂದುಕೊಳ್ಳುತ್ತಾನೆ. ಒಬ್ಬ ನಕ್ಷತ್ರ ನೋಡುತ್ತಾನೆ. ಚಾಲಕ ಇವರನ್ನು ಇಳಿಸಿ ಹಿಂದಿರುಗುವುದನ್ನು ನೆನೆಯುತ್ತಾನೆ. ಎಲ್ಲರ ಬಾಯಲ್ಲಿಯೂ ಒಂದೇ ಮಾತು, ತಲುಪಿದ ಮೇಲೆ. ಯಾರ ಹೆಸರೂ ತಿಳಿಯದು, ಆದರೂ ಯಾರೂ ಗುಂಪಲ್ಲ. ಕುವೆಂಪು ಅವರ ಸೇರೆಗಾರನ ಹಿಂದೆ ನಿಂತವರಿಗೆ ದೊರೆಯದ್ದು ಇಲ್ಲಿ ದೊರೆತಿದೆ, ಒಬ್ಬೊಬ್ಬನಿಗೂ ಒಂದೊಂದು ಮನಸ್ಸು. ಹಗಲಿರುಳು ಲಾರಿಗಳು ಓಡಾಡುವ ಶಂಕಗಿರಿಯಲ್ಲಿ ಈ ಪುಟಗಳನ್ನು ಓದಿದವರಿಗೆ ಅದು ಪರದೇಶದ ಕಥೆಯೆನಿಸದು.

ಕಲೆಯ ದೃಷ್ಟಿಯಿಂದ ರಿವೇರಾ ಕಾರಂತರಿಗಿಂತ ದೊಡ್ಡವನೆಂದು ನಾವು ಹೇಳುತ್ತಿಲ್ಲ. ಚೋಮನಂಥ ಒಬ್ಬ ಮನುಷ್ಯನನ್ನು ನಿಲ್ಲಿಸುವ ಶಕ್ತಿ ಅವನ ಚೂರು ಚೂರಾದ ಪುಸ್ತಕಕ್ಕಿಲ್ಲ. ಹೋಲಿಕೆಯಿಂದ ಹೊರಡುವ ಮಾತು ಬೇರೆ. ಕಾರಂತರ ಅನುಕಂಪ ದೊಡ್ಡದು, ಆದರೆ ಅನುಕಂಪಕ್ಕೆ ದುಃಖ ಬೇಕು, ಕೆಲಸ ಬೇಡ. ರಿವೇರಾನಿಗೆ ಅನುಕಂಪ ತೋರಿಸಬೇಕಾದ ಪ್ರಮೇಯವಿಲ್ಲ. ದುಡಿದ ಮೈ ಅವನದೇ. ಅವನು ಕೆಲಸದಿಂದ ಆರಂಭಿಸುತ್ತಾನೆ, ದುಃಖ ತಾನಾಗಿ ಬಂದು ಸೇರುತ್ತದೆ.

ಹೆಸರಿನ ಮಾತು ಬಂದಿತಾಗಿ ಒಂದು ಸಂಗತಿ. ೧೯೪೮ರ ಜನವರಿ ೨೮ರಂದು ಕ್ಯಾಲಿಫೋರ್ನಿಯಾದ ಲಾಸ್ ಗಾಟೋಸ್ ಕಣಿವೆಯಲ್ಲಿ ವಿಮಾನವೊಂದು ಬಿದ್ದು, ಮೆಕ್ಸಿಕೋಗೆ ಹಿಂದಿರುಗಿಸಲಾಗುತ್ತಿದ್ದ ೨೮ ಜನ ಕೂಲಿಗಾರರು ಸತ್ತರು. ಜೊತೆಯಲ್ಲಿ ಸತ್ತ ವಿಮಾನದ ಸಿಬ್ಬಂದಿಯ ಮತ್ತು ಅಧಿಕಾರಿಯ ಹೆಸರುಗಳು ಸುದ್ದಿಯ ವರದಿಗಳಲ್ಲಿ ಬಂದವು. ಕೂಲಿಗಾರರು ‘ಗಡಿಪಾರಾದವರು’ ಎಂಬ ಒಂದೇ ಮಾತಿನಲ್ಲಿ ಅಡಗಿದರು. ವುಡಿ ಗತ್ರಿ ಎಂಬ ಹಾಡುಗಾರ ಆ ಮಾತನ್ನೇ ಹಿಡಿದು ಹಾಡು ಬರೆದ. ಅರವತ್ತೈದು ವರ್ಷಗಳ ಮೇಲೆ, ೨೦೧೩ರಲ್ಲಿ, ಫ್ರೆಸ್ನೋ ನಗರದ ಸ್ಮಶಾನದಲ್ಲಿ ೨೮ ಹೆಸರುಗಳನ್ನೂ ಕೆತ್ತಿದ ಕಲ್ಲನ್ನು ನಿಲ್ಲಿಸಿದರು. ಆ ಹೆಸರುಗಳನ್ನು ಹುಡುಕಿ ತೆಗೆಯಲು ಹೆಣಗಿದವನು ಒಬ್ಬ ಲೇಖಕ, ವಲಸೆಗಾರರ ವಂಶದವನೇ ಆದ ಟಿಮ್ ಹೆರ್ನಾಂಡೆಜ್. ಶಾಸನಗಳನ್ನು ಹುಡುಕುತ್ತ ಬಿಸಿಲಲ್ಲಿ ಅಲೆಯುವ ನಮ್ಮ ವಿದ್ವನ್ಮಿತ್ರರಿಗೆ ಈ ಕಲ್ಲಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಆಳುಗಳಲ್ಲಿ ಯಾರೂ ಬಾಯಿ ತೆರೆಯಲೇ ಇಲ್ಲವೆಂದು ಭಾವಿಸಬಾರದು. ಫಿಜಿಯಲ್ಲಿ ಕರಾರು ಕೂಲಿಯಾಗಿದ್ದ ತೋತಾರಾಮ ಸನಾಢ್ಯರ ಇಪ್ಪತ್ತೊಂದು ವರ್ಷಗಳ ಅನುಭವ ೧೯೧೪ರಲ್ಲಿ ಹಿಂದಿಯಲ್ಲಿ ಅಚ್ಚಾಯಿತು. ಸಿಲೋನಿನ ತೋಟದಲ್ಲಿಯೇ ಹುಟ್ಟಿದ ಸಿ. ವಿ. ವೇಲುಪಿಳ್ಳೈ ತೋಟದ ಜನರ ಹಾಡುಗಳನ್ನು ಸಂಗ್ರಹಿಸಿದರು, ೧೯೭೦ರಲ್ಲಿ ಅವರ ಬಾಳನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಆನೆಮಲೆಯ ತೋಟಗಳಲ್ಲಿ ವೈದ್ಯರಾಗಿದ್ದ ಪಿ. ಎಚ್. ಡೇನಿಯಲ್ ಅವರ ‘ರೆಡ್ ಟೀ’ ೧೯೬೯ರಲ್ಲಿ ಬಂತು. ತಮಿಳಿಗೆ ಅನುವಾದವಾಗಿ, ೨೦೧೩ರಲ್ಲಿ ‘ಪರದೇಶಿ’ ಎಂಬ ಚಲನಚಿತ್ರಕ್ಕೆ ಆಧಾರವಾಗಿ, ನಮ್ಮ ಜಿಲ್ಲೆಗಳ ಟೆಂಟುಗಳಲ್ಲಿ ನೋಡಿದವರಿಗೂ ಮುಟ್ಟಿತು. ವೈದ್ಯರ ಪುಸ್ತಕದಲ್ಲಿ ಕಂಗಾಣಿಯ ಮುಂಗಡದಿಂದ ಹಿಡಿದು ತೋಟದ ಜ್ವರದವರೆಗೆ ಲೆಕ್ಕ ಬಿಡದೆ ನಡೆಯುತ್ತದೆ. ಕಲೆ ಅಲ್ಲಲ್ಲಿ ಒರಟು, ಆದರೆ ಕಣ್ಣು ತಪ್ಪಿಲ್ಲ. ಕನ್ನಡದಲ್ಲಿ ಇವುಗಳ ಸಾಲಿಗೆ ಹಾಕಬಹುದಾದ, ಆಳಿನ ಬಾಯಿಂದಲೇ ಬಂದು ಎಲ್ಲರ ಕೈಗೂ ಸಿಕ್ಕಿದ ಗ್ರಂಥವೊಂದಿರಬೇಕಾಗಿತ್ತು. ಕಾಫಿ ಬೆಳೆಯುವ ನಾಡಿನ ಭಾಷೆಗೆ ಇದು ಕೊರತೆಯೇ.

೧೯೬೪ ಈ ಚರಿತ್ರೆಯಲ್ಲಿ ಗುರುತಿಡಬೇಕಾದ ವರ್ಷ. ಅಮೆರಿಕದಲ್ಲಿ ಬ್ರಸೇರೋ ಒಪ್ಪಂದ ಮುಗಿದದ್ದು ಆ ವರ್ಷದ ಕೊನೆಯಲ್ಲಿ. ಅದೇ ವರ್ಷದ ಅಕ್ಟೋಬರ್ ೩೦ರಂದು ಲಾಲ್ ಬಹಾದೂರ್ ಶಾಸ್ತ್ರಿಗಳೂ ಸಿರಿಮಾವೋ ಬಂಡಾರನಾಯಕೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ೧೯೪೮ರ ಪೌರತ್ವದ ಕಾನೂನಿನಿಂದ ಯಾವ ದೇಶದವರೂ ಅಲ್ಲದೆ ಹೋಗಿದ್ದ ತೋಟದ ಜನರಲ್ಲಿ ೫,೨೫,೦೦೦ ಮಂದಿ ಇಂಡಿಯಾಕ್ಕೆ, ೩,೦೦,೦೦೦ ಮಂದಿ ಸಿಲೋನಿಗೆ ಎಂದು ಹಂಚಿಕೆಯಾಯಿತು. ಉಳಿದ ಒಂದೂವರೆ ಲಕ್ಷವನ್ನು ೧೯೭೪ರಲ್ಲಿ ಸಮಪಾಲು ಮಾಡಿಕೊಂಡರು. ಇಲ್ಲಿಯೂ ಆಳುಗಳು ಅಂಕಿಗಳೇ. ಬಂದವರಲ್ಲಿ ಬಹಳ ಮಂದಿಯನ್ನು ನೀಲಗಿರಿಯ ಚಹಾ ತೋಟಗಳಿಗೆ ಕಳುಹಿಸಿದರು. ಒಂದು ಪಾಲು ಕರ್ನಾಟಕಕ್ಕೆ ಬಂತು. ಸುಳ್ಯ ಪುತ್ತೂರು ಸೀಮೆಯಲ್ಲಿ ಸರ್ಕಾರದ ರಬ್ಬರ್ ತೋಟಗಳಲ್ಲಿ ಅವರಿಗೆ ಹಾಲು ಇಳಿಸುವ ಕೆಲಸ ಕೊಟ್ಟರು.

ಸ್ಥಳವನ್ನು ವಾಚಕರು ಗಮನಿಸಬೇಕು. ಚೋಮನ ಮಕ್ಕಳು ಯಾವ ಸೀಮೆಯಿಂದ ಘಟ್ಟ ಹತ್ತಿದರೋ ಅದೇ ಸೀಮೆ. ಆಳು ಸಾಲದೆಂದು ಅಲ್ಲಿಂದ ಮೇಲಕ್ಕೆ ಜನರನ್ನು ಒಯ್ದ ತಲೆಮಾರಿನ ಮೇಲೆ ಇನ್ನೊಂದು ತಲೆಮಾರು ಕಳೆಯುವಷ್ಟರಲ್ಲಿ, ಸಮುದ್ರದಾಚೆಯಿಂದ ಜನರನ್ನು ತಂದು ಅಲ್ಲಿ ಆಳಾಗಿ ನಿಲ್ಲಿಸಲಾಯಿತು. ಅವರ ಮೊಮ್ಮಕ್ಕಳಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿದ್ದಾರೆ. ಇತ್ತ ಧರ್ಮಪುರಿ ಜಿಲ್ಲೆಯ ಸಿತ್ತೇರಿ ಬೆಟ್ಟದ ಕಡೆಯವರು ಕೊಯ್ಲಿನ ಕಾಲಕ್ಕೆ ಕೊಡಗಿನ ಕಾಫಿ ಮೆಣಸಿನ ತೋಟಗಳಿಗೆ ಹೋಗಿಬರುವುದು ನಡೆದೇ ಇದೆ; ಆ ತಿಂಗಳುಗಳಲ್ಲಿ ಶಾಲೆಯ ಹಾಜರಿ ಪುಸ್ತಕ ಹೇಗೆ ಕಾಣುತ್ತದೆಂಬುದನ್ನು ಅಲ್ಲಿ ಕೆಲಸ ಮಾಡಿದ ಉಪಾಧ್ಯಾಯರು ಬಲ್ಲರು. ‘ಚೋಮನ ದುಡಿ’ಯನ್ನು ಪಾಠ ಹೇಳುವಾಗ ಚೋಮನ ಪಾತ್ರಚಿತ್ರಣವನ್ನು ಬರೆಯಿರಿ ಎಂಬ ಪ್ರಶ್ನೆಯ ಜೊತೆಗೆ, ಚೋಮನ ಸಾಲ ಎಷ್ಟಿತ್ತು, ಇಬ್ಬರು ಹುಡುಗರು ದುಡಿದದ್ದೆಷ್ಟು, ಹಿಡಿದುಕೊಂಡದ್ದೆಷ್ಟು, ಕಾದಂಬರಿಯಲ್ಲಿ ಇದಕ್ಕೆ ಉತ್ತರ ಎಲ್ಲಿ ದೊರೆಯುತ್ತದೆ, ಎಲ್ಲಿ ದೊರೆಯುವುದಿಲ್ಲ ಎಂಬ ಪ್ರಶ್ನೆಯನ್ನೂ ಹಾಕಿ ನೋಡಬಹುದು. ತೋಟದಿಂದ ಬಂದ ಮನೆಯ ಹುಡುಗನೋ ಹುಡುಗಿಯೋ ತರಗತಿಯಲ್ಲಿದ್ದರೆ, ದೊರೆಯದ ಭಾಗವನ್ನು ತಾವೇ ಬರೆದುಕೊಟ್ಟಾರು.